ಕಂಬಳಿ ಓಣಿಯ ಪಂಚನಾಮಿ

ನನ್ನ ಗಾಡಿ ಗಾಲಿಗೆ ಲಾಕ್ ಬಿದ್ದದ್ದು ಸೋಮವಾರ ಮುಂಜಾನಿ ಏಳೂವರಿಗೆ, ವಿದ್ಯಾಗಿರಿ ರಸ್ತೆದಾಗ, ನೂರು ಮಂದಿ ಎದುರಿಗೆ. ನೂರು ಅನ್ನೋದು ಒಂಚೂರು ಹೆಚ್ಚಾತು ಅನ್ರಿ. ಆದ್ರ ಐದು ಮಂದಿ ಸಾಲಿ ಕಲಸೋ ಅಕ್ಕೋರು, ಹಾಲಿನಂವ, ಕಾಲೇಜಿಗೆ ಹೊಂಟ ಹುಡುಗ್ಯಾರು, ಇಷ್ಟು ಮಂದಿ ಇದ್ದದ್ದು ಖರೆ. ಅದರಾಗ ಇಬ್ಬರು ಹುಡುಗ್ಯಾರು ಫೋಟೋ ತಗದ್ರು.

ನಾ ರಾಜಶ್ರೀ, ಬಾಗಲಕೋಟಿ ನವನಗರದಾಕಿ. ದಿನಾ ವಿದ್ಯಾಗಿರಿಯಿಂದ ಈ ಐದು ಮಂದಿ ಅಕ್ಕೋರನ್ನ ಕೂಡಿಸಿಕೊಂಡು ಹುನಗುಂದದ ಸಾಲಿಗೆ ಮುಟ್ಟಸ್ತೇನಿ, ಸಂಜಿಗೆ ಕರಕೊಂಡು ಬರ್ತೇನಿ. ಐತವಾರ ಬದಾಮಿ, ಐಹೊಳಿ ನೋಡಾಕ ಬಂದವ್ರು ಸಿಕ್ರ ಅವರನ್ನ ಅಡ್ಡಾಡಸ್ತೇನಿ. ಹೆಣಮಗಳು ಗಾಡಿ ಹೊಡಿತಾಳ ಅಂತ ಮದಲ ನಕ್ಕ ಗಂಡಸರು ಈಗ ತಮ್ಮ ಹೆಂಡ್ತಿ, ಮಕ್ಕಳನ್ನ ಎಲ್ಲೆರೆ ಕಳಸಬೇಕಂದ್ರ ನನಗ ಫೋನ್ ಹಚ್ತಾರ. ನಾ ಅವರಿಗೆ ಒಂದ ಮಾತು ಅಂದಿಲ್ಲ. ಆದ್ರ ಯಾರ್ಯಾರು ನಕ್ಕಿದ್ರು ಅನ್ನೋದು ನೆನಪೈತಿ.

ಜೀಪಿನಿಂದ ಇಳದಾಂವ ಗಾಡಿ ಟ್ಯಾಕ್ಸ್ ಆಫೀಸಿನ ಹೊಸಾ ಇನ್ಸ್‌ಪೆಕ್ಟರ್, ಚೇತನಕುಮಾರ. ತೆಳ್ಳಗಿನ ಹುಡುಗ, ಇಸ್ತ್ರಿ ಮುರೀದ ಹೊಸಾ ಅಂಗಿ, ಮೂವತ್ತು ಆಗಿತ್ತೋ ಇಲ್ಲೋ. ಬಾಯಿ ತಗದ ಕೂಡಲೇ ಮೈಸೂರ ಕಡಿಯಾಂವ ಅಂತ ತಿಳೀತು.

“ಮೇಡಂ, ಈ ವಾಹನದ ತೆರಿಗೆ ಬಾಕಿ ಇದೆ. ವಸೂಲಿ ಆದೇಶ ಆಗಿದೆ. ವಾಹನ ಇಲ್ಲಿಂದ ಕದಲುವ ಹಾಗಿಲ್ಲ.”

ಬಿಳೇ ಬೋರ್ಡಿನ ಗಾಡೀನ ಬಾಡಗಿ ಹೊಡ್ಯಾಕ ಹಳದಿ ಬೋರ್ಡ್ ಮಾಡಿಸಿದ್ರ ಟ್ಯಾಕ್ಸಿನ ಫರಕು ತುಂಬಬೇಕು. ಹ್ವಾದ ವರ್ಷ ನಾ ತುಂಬೇನಿ. ಪಾವತಿ ಪ್ಲಾಸ್ಟಿಕ್ ಚೀಲದಾಗ ಹಾಕಿ ಗಾಡಿಯೊಳಗ ಇಟ್ಟೇನಿ, ಯಾಕಂದ್ರ ಇಂಥಾ ದಿನ ಬರತೈತಿ ಅಂತ ನನಗ ಗೊತ್ತು. ತಗದು ಕೈಯಾಗ ಕೊಟ್ಟೆ. ಅಂವ ಎರಡೂ ಬಾಜು ಹೊಳ್ಳಿಸಿ ನೋಡಿದ.

“ಇದು ಸಿಸ್ಟಮ್‌ನಲ್ಲಿ ಕಾಣಿಸುತ್ತಿಲ್ಲ. ತಕರಾರಿದ್ದರೆ ವಿಚಾರಣೆಗೆ ಬರಬೇಕಿತ್ತು. ನಿಮಗೆ ನೋಟಿಸ್ ಜಾರಿ ಆಗಿದೆ.”

“ಯಾವ ನೋಟೀಸ್ರಿ? ನಾ ಕಂಡೇ ಇಲ್ಲ.”

“ಆಫೀಸಿಗೆ ಬನ್ನಿ, ತೋರಿಸುತ್ತೇನೆ.”

ಇಷ್ಟು ಹೇಳೂದ್ರಾಗ ಅವನ ಕೂಡ ಬಂದಾಂವ ಹಳದಿ ಬಣ್ಣದ ಕಬ್ಬಿಣದ ಲಾಕ್ ತಂದು ಮುಂದಿನ ಗಾಲಿಗೆ ಜಡದೇ ಬಿಟ್ಟ. ಸಿಟ್ಟು ನನ್ನ ನೆತ್ತಿಗೇರಿತು. ಅಕ್ಕೋರು ಇದ್ರು ಅಂತ ಬಾಯಿ ಬಿಗಿ ಹಿಡಿದೆ, ಇಲ್ಲಾಂದ್ರ ಆ ದಿನ ವಿದ್ಯಾಗಿರಿ ಮಂದಿ ಹೊಸಾ ಹೊಸಾ ಮಾತು ಕಲೀತಿದ್ರು.

ಶೈಲಾ ಅಕ್ಕೋರು ಗಾಡಿಯಿಂದ ತಮ್ಮ ಬ್ಯಾಗ್ ತಗೊಂಡು ನನ್ನ ಹೆಗಲ ಮ್ಯಾಲ ಕೈ ಇಟ್ರು. “ರಾಜಶ್ರೀ, ಈ ವಾರ ಹೆಂಗರೆ ಬಸ್ಸಿಗೆ ಹೋಗ್ತೀವಿ. ಮುಂದಿನ ಸೋಮವಾರ ಗಾಡಿ ಬರಲಿಲ್ಲಂದ್ರ ಬ್ಯಾರೆ ಗಾಡಿ ನೋಡಬೇಕಾಗತೈತಿ. ಸಿಟ್ಟಾಗಬ್ಯಾಡ, ಸಾಲ್ಯಾಗ ಹೆಬ್ಬೆಟ್ಟು ಒತ್ತೋ ಮಷಿನ್ ಬಂದೈತಿ, ಹತ್ತು ಮಿನಿಟು ತಡಾ ಆದ್ರೂ ರಜಾ ಬೀಳತೈತಿ.”

ಸಿಟ್ಟು ಯಾಕ್ರಿ ಅವರ ಮ್ಯಾಲ. ಅವರು ಹೇಳಿದ್ದು ಸುಳ್ಳಲ್ಲ. ಸೋಮವಾರದೊಳಗ ಗಾಡಿ ಬಿಡಿಸಿಕೋಬೇಕು, ಅಷ್ಟ ಇದ್ದದ್ದು.

ಹನ್ನೊಂದಕ್ಕ ಆಫೀಸಿಗೆ ಹೋದೆ. ಮಂದಿ ಆಫೀಸಿಗೆ ಹೋಗಬೇಕಾದ್ರ ಬಗ್ಗಿ ಹೋಗ್ತಾರ, ನನಗ ಆ ರೂಢಿ ಇಲ್ಲ. ಸೀದಾ ಇನ್ಸ್‌ಪೆಕ್ಟರ್ ಟೇಬಲ್ ಮುಂದಿನ ಕುರ್ಚಿ ಎಳಕೊಂಡು ಕುಂತೆ. ಅಂವ ಫೈಲ್ ತಗದ. ಬಾಜುಕ್ಕ ನಿಂತಿದ್ದಾಂವ ಮಲಕಪ್ಪ, ನೋಟೀಸು ಮುಟ್ಟಸೋ ಸಿಪಾಯಿ, ನಮ್ಮ ಊರಾಂವ, ಮುಖಾ ನೋಡಿ ಗೊತ್ತಿದ್ದಾಂವ. ನನ್ನ ನೋಡಿದ ಕೂಡಲೇ ಫ್ಯಾನ್ ಕಡೆ ನೋಡಾಕ ಹತ್ತಿದ. ಆವಾಗ್ಲೇ ನನಗ ಸಂಶೆ ಬಂತು.

ಚೇತನಕುಮಾರ ಪಂಚನಾಮಿ ಓದಿದ. “‘ಸೆಪ್ಟೆಂಬರ್ ಹನ್ನೆರಡರಂದು ಹಳೇ ಬಾಗಲಕೋಟೆಯ ಕಂಬಳಿ ಓಣಿ, ಮನೆ ನಂಬರ್ ಹದಿನೇಳಕ್ಕೆ ಖುದ್ದಾಗಿ ಭೇಟಿ ನೀಡಿ, ಮಾಲೀಕರು ಮನೆಯಲ್ಲಿ ಇಲ್ಲದ ಕಾರಣ, ಪಂಚರ ಸಮಕ್ಷಮ ಮುಂಬಾಗಿಲಿಗೆ ನೋಟಿಸ್ ಅಂಟಿಸಲಾಗಿದೆ.’ ಇಬ್ಬರು ಸಾಕ್ಷಿಗಳ ಸಹಿ ಇದೆ ಮೇಡಂ.”

ನನಗ ನಗು ತಡಕೊಳ್ಳಾಕ ಆಗಲಿಲ್ಲ. ನಕ್ಕೆ ಅಂದ್ರ ಹೊಟ್ಟಿ ಹಿಡಕೊಂಡು ನಕ್ಕೆ. ಆ ಹುಡುಗ ಗಾಬರಿ ಆದ.

“ಸಾಹೇಬ್ರ, ನೀವು ಈ ಊರಿಗೆ ಬಂದು ಎಷ್ಟ ದಿನಾತ್ರಿ?”

“ಎರಡು ತಿಂಗಳು.”

“ಅದಕ್ಕ ನಿಮಗ ಗೊತ್ತಿಲ್ಲ. ಕಂಬಳಿ ಓಣಿ ನೀರಾಗ ಮುಳುಗಿ ಇಪ್ಪತ್ತೆರಡು ವರ್ಷಾತು. ಆಲಮಟ್ಟಿ ಹಿನ್ನೀರು. ಸಪ್ಟೆಂಬರದಾಗ ಹೊಳಿ ತುಂಬ ಇರತೈತಿ. ನಿಮ್ಮ ಮಲಕಪ್ಪ ಯಾವ ಬಾಗಲಕ್ಕ ಅಂಟಿಸಿದ? ಈಸಾಡಿ ಹೋಗಿದ್ನೋ, ಮೀನಿನ ಕೈಯಾಗ ಕೊಟ್ಟು ಕಳಿಸಿದ್ನೋ?”

ಪಕ್ಕದ ಟೇಬಲ್‌ದವ್ರು ನಕ್ರು. ಮಲಕಪ್ಪನ ಕಣ್ಣು ಇನ್ನೂ ಫ್ಯಾನಿನ್ಯಾಗ. ನಾ ಅಷ್ಟಕ್ಕ ಬಿಡಬೇಕಿತ್ತು. ಆದ್ರ ಮಾತಿಗೆ ನಿಂತ್ರ ನನ್ನ ನಾಲಗಿಗೆ ಬ್ರೇಕ್ ಇಲ್ಲ.

“ಇನ್ನೊಂದು ಕೇಳ್ರಿ. ಈಸಾಡಿ ಹೋಗಿದ್ರೂ ಅಲ್ಲಿ ಬಾಗಲಾನೇ ಇಲ್ಲ. ನೀರು ಬರೋಕಿಂತ ಮದಲ ನಮ್ಮ ಮಾವ ಚೌಕಟ್ಟು ಸಮೇತ ಬಾಗಲಾ ಕಿತ್ತು ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡು ಬಂದಾರ. ಅದ ಬಾಗಲಾ ಈಗ ನಮ್ಮ ನವನಗರದ ಖೋಲಿಗೆ ಐತಿ. ಬರ್ರಿ, ಗೋಂದಿನ ಕಲೆ ಎಲ್ಲೈತಿ ತೋರಸ್ರಿ.”

ಚೇತನಕುಮಾರ ನಗಲಿಲ್ಲ. ಪೆನ್ನು ಕೆಳಗ ಇಟ್ಟು ನನ್ನ ಮುಖಾ ನೋಡಿದ.

“ಅಂದರೆ ನೀವು ಆ ವಿಳಾಸದಲ್ಲಿ ವಾಸವಿಲ್ಲ. ವಾಸ ಇಲ್ಲದ ವಿಳಾಸ ಕೊಟ್ಟು ಗಾಡಿ ರಿಜಿಸ್ಟರ್ ಮಾಡಿಸಿದ್ದೀರಿ. ತಪ್ಪು ನಿಮ್ಮದೇ ಆಯಿತಲ್ಲ ಮೇಡಂ?”

ನನ್ನ ನಗು ಅಲ್ಲೇ ನಿಂತಿತು. ಹುಡುಗ ಅಂದ್ಕೊಂಡಷ್ಟು ಹಸಿ ಇರಲಿಲ್ಲ.

ಅಂವ ಡ್ರಾದಿಂದ ಒಂದು ಅರ್ಜಿ ತಗದ. ದನಿ ಮೆತ್ತಗ ಮಾಡಿದ. “ನಿಮಗೆ ತೊಂದರೆ ಕೊಡಬೇಕು ಅಂತ ನನಗಿಲ್ಲ. ಇದಕ್ಕೆ ಸಹಿ ಮಾಡಿ. ಹಳೇ ವಿಳಾಸ ತಪ್ಪು, ಹೊಸದು ಇದು ಅಂತ. ಆಗ ಪ್ರಕರಣ ಮತ್ತೆ ತೆರೆದು, ನಿಮ್ಮ ರಸೀದಿ ನೋಡಿ, ಇವತ್ತೇ ಲಾಕ್ ತೆಗೆಸುತ್ತೇನೆ.”

ಪೆನ್ನು ಕೈಯಾಗ ತಗೊಂಡೆ. ಸುಳ್ಳು ಯಾಕ ಹೇಳ್ಲಿ, ಹೆಸರಿನ ಮದಲನೇ ಅಕ್ಷರಾನೂ ಬರದೆ. ಆಮ್ಯಾಲ ಮ್ಯಾಲಿನ ಸಾಲು ಕಣ್ಣಿಗೆ ಬಿತ್ತು. “ಸದರಿ ವಿಳಾಸದಲ್ಲಿ ನನ್ನ ಅಥವಾ ನನ್ನ ಕುಟುಂಬದ ಯಾವುದೇ ಮನೆ ಇರುವುದಿಲ್ಲ.”

ಪೆನ್ನು ಇಟ್ಟುಬಿಟ್ಟೆ. “ಇದಕ್ಕ ಸಹಿ ಮಾಡಿದ್ರ ನಮ್ಮ ಮಾವನ ಮನಿ ಎರಡನೇ ಸಲ ಮುಳುಗತೈತ್ರಿ” ಅಂದು ಎದ್ದು ಬಂದೆ.

ಅದೇನು ಅಂತ ನಿಮಗ ಹೇಳಬೇಕು. ನಮ್ಮ ಮಾವ ಮುತ್ತಪ್ಪ. ಕುರಿ ಕಾದು, ಕಂಬಳಿ ಮಾರಿ, ಕಂಬಳಿ ಓಣ್ಯಾಗ ಕಲ್ಲಿನ ಮನಿ ಕಟ್ಟಿದವ್ರು. ಊರು ಮುಳುಗೋ ಮುಂದ ಸರ್ವೇ ಮಾಡಾಕ ಬಂದಾಂವ ನಕಾಶಿ ಮ್ಯಾಲ ಒಂದು ಗೆರಿ ಎಳದ. ಗೆರಿ ಈಚಿಗಿನವು ಮುಳುಗತಾವು, ಆಚಿಗಿನವು ಉಳೀತಾವು. ಓಣಿಯ ಕಡೀ ಮೂರು ಮನಿ ದಿನ್ನಿ ಮ್ಯಾಲ ಇದ್ವು ಅಂತ ಅವನ್ನ ಆಚಿಗೆ ಹಾಕಿದ. ನೀರಿಗೆ ಗೆರಿ ಗೊತ್ತಾಗಲಿಲ್ಲ, ಮೂರನ್ನೂ ನುಂಗಿತು. ಉಳದವ್ರಿಗೆಲ್ಲಾ ಮುಳುಗಡಿ ಕಾಗದ ಸಿಕ್ತು, ನವನಗರದಾಗ ಜಾಗಾ ಸಿಕ್ತು. ಈ ಮೂರರಾಗ ಒಂದು ನಮ್ಮ ಮಾವಂದು, ಅವರಿಗೆ, “ನಿನ್ನ ಮನಿ ಮುಳುಗಿಲ್ಲ” ಅಂದ್ರು. ಮನ್ಯಾಗ ಮೀನು ಅಡ್ಡಾಡತಾವು, ಕಾಗದದಾಗ ಒಣಗಿ ಐತಿ. ಮಾವ ತಮ್ಮ ಅಣ್ಣನ ಪ್ಲಾಟಿನ್ಯಾಗ ಎರಡು ಖೋಲಿ ಹಾಕ್ಕೊಂಡು ಕೋರ್ಟಿಗೆ ಹೋದ್ರು. ಅಲ್ಲಿ ಪ್ರತಿ ಸಲ ಅದ ಪ್ರಶ್ನಿ, ಮನಿ ನೀರಾಗ ಐತಿ ಅಂತ ಸರಕಾರಿ ಅಧಿಕಾರಿ ಬರಕೊಟ್ಟ ಒಂದು ಕಾಗದ ತಾ. ಫೋಟೋ ಒಯ್ದು ಕೊಟ್ರ, ಇದು ಬರೇ ನೀರು, ಇದರಾಗ ನಿನ್ನ ಮನಿ ಎಲ್ಲೈತಿ ಅಂದ್ರು.

ಕೇಸು ಮುಗಿಯೋ ತನಕ ಎಲ್ಲೂ ವಿಳಾಸ ಬದಲಿ ಮಾಡಬ್ಯಾಡ್ರಿ, ಮಾಡಿದ್ರ ನೀವು ಅಲ್ಲಿ ಇರ್ಲೇ ಇಲ್ಲ ಅಂತಾರ. ಇದು ನಮ್ಮ ಮುಳುಗಡಿ ಮಂದಿ ಒಬ್ಬರಿಗೊಬ್ಬರು ಹೇಳಿಕೊಟ್ಟ ಬುದ್ಧಿ. ಹಿಂಗಾಗಿ ನಮ್ಮ ರೇಶನ್ ಕಾರ್ಡು, ಆಧಾರು, ಗ್ಯಾಸು, ನನ್ನ ಗಾಡಿ ಪುಸ್ತಕ, ಎಲ್ಲಾ ನೀರಾಗಿನ ಮನಿ ವಿಳಾಸಕ್ಕ ಅದಾವು. ನಾ ಲಗ್ನ ಆಗಿ ಬಂದದ್ದು ನವನಗರಕ್ಕ. ಆ ಮನಿ ಹೊಸ್ತಿಲಾ ತುಳದಾಕೀನ ಅಲ್ಲ. ಆದ್ರೂ ಸರಕಾರದ ಲೆಕ್ಕದಾಗ ನಾ ಅಲ್ಲೇ ಬಾಳೇವು ಮಾಡಾಕತ್ತೇನಿ. ತಪ್ಪು ಹೌದು. ಆದ್ರ ಟಪಾಲು ಮಾತ್ರ ಒಂದ ದಿನ ತಪ್ಪಿಲ್ಲ. ಟಪಾಲಿನಂವಗ ಎಲ್ಲಾ ಗೊತ್ತು, ಕಂಬಳಿ ಓಣಿ ಅಂತ ಬರದಿದ್ರ ನವನಗರಕ್ಕ ತಂದು ಕೊಡ್ತಾನ. ನೋಟೀಸು ಟಪಾಲಿಗೆ ಹಾಕಿದ್ರ ಮೂರನೇ ದಿನ ನನ್ನ ಕೈಯಾಗ ಇರ್ತಿತ್ತು.

ಸಂಜಿಕೆ ನಮ್ಮನಿಯವ್ರು ಸೋಮಲಿಂಗ ಇಳಕಲ್ಲಿನಿಂದ ಫೋನ್ ಮಾಡಿದ್ರು. ಅವರು ಅಲ್ಲಿ ಗ್ರಾನೈಟ್ ಫ್ಯಾಕ್ಟರಿದಾಗ ಕಲ್ಲು ಕೊರಿಯೋ ಮಷಿನ್ ಮ್ಯಾಲ ಅದಾರ, ವಾರಕ್ಕೊಮ್ಮೆ ಬರ್ತಾರ. ಮಷಿನ್ ಸಪ್ಪಳದಾಗ ಒದರಿ ಮಾತಾಡಿ ರೂಢಿ, ಫೋನಿನ್ಯಾಗೂ ಹಂಗ.

“ಸಹಿ ಮಾಡಿ ಗಾಡಿ ತಗೊಂಡು ಬಾ. ಕೇಸು ಇಪ್ಪತ್ತು ವರ್ಷಾತು ಎದ್ದಿಲ್ಲ, ಇನ್ನ ಏಳತೈತೇನು?”

“ಮೆಲ್ಲಕ ಮಾತಾಡ್ರಿ, ಮಾವ ಪಡಸಾಲ್ಯಾಗ ಕುಂತಾರ.”

ಮೆಲ್ಲಕ ಅಂದ್ರ ಏನು ಅಂತ ಅವರಿಗೆ ಗೊತ್ತಿದ್ರ ತಾನೆ. ಫೋನ್ ಇಟ್ಟು ಹೊರಗ ಬಂದ್ರ ಮಾವ ತಮ್ಮ ಕಬ್ಬಿಣದ ಟ್ರಂಕಿನಿಂದ ಕೇಸಿನ ಚೀಲಾ ತಗದು ತೊಡಿ ಮ್ಯಾಲ ಇಟಗೊಂಡು ಕುಂತಿದ್ರು.

“ಯವ್ವಾ, ಸಹಿ ಮಾಡು” ಅಂದ್ರು. “ಗಾಡಿ ದುಡಿತೈತಿ. ಮನಿ ಏನು ದುಡಿತೈತಿ?”

“ಮಾವಾರ, ನೀವು ಸುಮ್ನಿರ್ರಿ.”

“ನಾ ಖರೇನ ಹೇಳಾಕತ್ತೇನಿ. ನನಗೇನು ರೊಕ್ಕ ಬೇಕಾಗಿಲ್ಲ. ಮುತ್ತಪ್ಪನ ಮನಿ ಇತ್ತು, ಮುಳುಗಿತು ಅಂತ ಒಂದ ಮಾತು ಬರದ್ರ ಸಾಕಿತ್ತು. ಬರೀಲಿಲ್ಲ. ಹೋಗ್ಲಿ ಬಿಡು.” ಹಂಗ ಅನ್ಕೋತ ಚೀಲದ ದಾರ ಬಿಚ್ಚೋದು, ಕಟ್ಟೋದು, ಮತ್ತ ಬಿಚ್ಚೋದು ಮಾಡಾಕತ್ತಿದ್ರು.

ನನಗ ಅಳು ಬಂತು. ಅದರಕಿಂತ ಹೆಚ್ಚು ಸಿಟ್ಟು ಬಂತು. ಸುಳ್ಳು ಬರದಾಂವ ಮಲಕಪ್ಪ. ಪಾವತಿ ಕಳಕೊಂಡವ್ರು ಆಫೀಸಿನವ್ರು. ಮನಿ ಇರ್ಲಿಲ್ಲ ಅಂತ ಬರಕೊಡಬೇಕಾದವ್ರು ನಮ್ಮ ಮಾವ. ಇದು ಯಾವ ನ್ಯಾಯ? ಅವತ್ತು ಚಪಾತಿ ಲಟ್ಟಿಸಿದ್ದು ನೋಡಿದ್ರ ಪಾಪ, ಹಿಟ್ಟಿಗೂ ಗೊತ್ತಾಗಿತ್ತು ನನ್ನ ಸಿಟ್ಟು.

ಮರುದಿನ ಮುಂಜಾನಿ ಮತ್ತ ಆ ಕುರ್ಚಿ ಎಳಕೊಂಡು ಕುಂತೆ. ಈ ಸಲ ಕೈಯಾಗ ನನ್ನ ಅರ್ಜಿ ಇತ್ತು, ನಾನ ಬರದದ್ದು. ಪಂಚನಾಮಿ ಸುಳ್ಳೈತಿ, ನೀವು ಖುದ್ದ ಬಂದು ಜಾಗಾ ನೋಡಿ, ಅಲ್ಲಿ ಏನೈತಿ ಅದನ್ನ ಬರೀರಿ, ಅಷ್ಟ. ಟಪಾಲು ಸೆಕ್ಷನ್ನಿನ್ಯಾಗ ಕೊಟ್ಟು ನನ್ನ ಪ್ರತಿ ಮ್ಯಾಲ ಸಿಕ್ಕಾ ಒತ್ತಿಸಿಕೊಂಡೇ ಒಳಗ ಹೋಗಿದ್ದೆ.

“ಮೇಡಂ, ಸುಲಭದ ದಾರಿ ಹೇಳಿದ್ದೆನಲ್ಲ?”

“ನಿಮಗ ಸುಲಭ. ನಿನ್ನಿ ನೀವು ತಪ್ಪು ನಂದು ಅಂದ್ರಿ, ಅರ್ಧಾ ನಂದ ಹೌದು. ಉಳದ ಅರ್ಧಾ ಯಾರದು? ನೀರಾಗಿನ ಬಾಗಲಕ್ಕ ನೋಟೀಸು ಅಂಟಿಸಿದವ್ರ ಪಂಚನಾಮಿ ನಂಬಿ ನೀವು ಆದೇಶ ಬರದೀರಿ. ಕೆಳಗ ನಿಮ್ಮ ಸಹಿ ಐತಿ, ಮಲಕಪ್ಪಂದಲ್ಲ. ನಾಳೆ ಮ್ಯಾಲಿನವ್ರು ಕೇಳಿದ್ರ ಏನ ಹೇಳ್ತೀರಿ?”

ಅಂವ ಆದೇಶದ ಕೆಳಗಿನ ತನ್ನ ಸಹಿ ನೋಡಿದ. ಆಮ್ಯಾಲ ಹೊಳ್ಳಿ, “ಮಲಕಪ್ಪ, ನೀವು ಅಲ್ಲಿಗೆ ಹೋಗಿದ್ದಿರಾ?” ಅಂತ ಕೇಳಿದ.

ಮಲಕಪ್ಪ ಕೈ ಕಟ್ಟಿ ನಿಂತ. “ಇಲ್ರಿ ಸಾಹೇಬ್ರ. ಓಣಿ ಮುಳುಗೇತಿ ಅಂತ ಗೊತ್ತಿತ್ರಿ. ಹಂಗ ಬರದ್ರ ಹೊಸಾ ವಿಳಾಸ ಹುಡುಕಿಕೊಂಡು ಬಾ ಅಂತೀರಿ. ಆ ವಾರ ನಲವತ್ತು ನೋಟೀಸು ಇದ್ವು. ಚಾದ ಅಂಗಡ್ಯಾಗ ಕುಂತು ಬರದೆ, ಸಾಕ್ಷಿನೂ ಅಲ್ಲೇ ಸಿಕ್ಕ್ರು.”

ಅಂವ ಅಷ್ಟು ಸೀದಾ ಒಪ್ಪಿಕೊಂಡದ್ದಕ್ಕ ನನ್ನ ಸಿಟ್ಟು ಅರ್ಧಾ ಇಳೀತು. ಚೇತನಕುಮಾರನ ಕಿವಿ ಕೆಂಪಾದ್ವು. “ನಾಳೆ ಹತ್ತು ಗಂಟೆಗೆ ಸ್ಥಳಕ್ಕೆ ಹೋಗೋಣ” ಅಂದ.

ಬುಧವಾರ ಹಿನ್ನೀರಿನ ದಂಡಿಗೆ ಹೋದಾಗ ಚಾಂದಸಾಬ ದೋಣಿ ತಂದು ನಿಲ್ಲಿಸಿದ್ದ. ಅಂವ ಮೀನ ಹಿಡಿಯಾಂವ, ಮಾವನ ಹಳೇ ಗೆಳೆಯ, ಕಂಬಳಿ ಓಣಿಯ ಬಾಜೂ ಓಣ್ಯಾಗ ಹುಟ್ಟಿದಾಂವ. ಮಾವ ಪಟಗಾ ಸುತ್ತಿ, ಹೆಗಲಿಗೆ ಕಂಬಳಿ ಹಾಕ್ಕೊಂಡು, ಕೇಸಿನ ಚೀಲಾ ಬಗಲಾಗ ಇಟಗೊಂಡು ಬಂದಿದ್ರು. ನಾ ಒಂದು ಗೋಂದಿನ ಬಾಟಲಿ ತಗೊಂಡು ಹೋಗಿದ್ದೆ. ದೋಣಿ ಹತ್ತೋ ಮುಂದ ಮಲಕಪ್ಪನ ಕೈಯಾಗ ಕೊಟ್ಟೆ.

“ಇದ್ಯಾಕಬೇ ಅಕ್ಕಾ?”

“ಇರಲಿ. ಬಾಗಲಾ ಸಿಕ್ರ ಈ ಸಲ ಗಟ್ಟಿ ಅಂಟಸು.”

ಚಾಂದಸಾಬ ಎಷ್ಟು ನಕ್ಕ ಅಂದ್ರ ದೋಣಿ ಅಲುಗಾಡಿತು. ಚೇತನಕುಮಾರ ಎರಡೂ ಕೈಲಿ ಅಂಚು ಹಿಡಕೊಂಡ. ಅವನಿಗೆ ನೀರಿನ ಅಂಜಿಕಿ ಇತ್ತು, ಆದ್ರೂ ಬಂದಿದ್ದ. ಅಷ್ಟಕ್ಕ ಅವನ ಮ್ಯಾಲ ನನಗ ಮರ್ಯಾದಿ ಬಂತು.

ಒಂದಷ್ಟು ದೂರ ಹೋದ ಮ್ಯಾಲ ಸುತ್ತಲೂ ನೀರು. ಒಂದು ಗುಡಿಯ ಶಿಖರ ಮಾತ್ರ ಹೊರಗ ಕಾಣ್ತಿತ್ತು, ಅದರ ಮ್ಯಾಲ ಬೆಳ್ಳಕ್ಕಿ ಕುಂತಿದ್ವು. ಚೇತನಕುಮಾರ ಅಂಜಿಕೋತ ಸುತ್ತ ನೋಡಿ ಅಂದ, “ಎಲ್ಲಾ ಕಡೆ ನೀರೇ ಇದೆ. ಮನೆ ಇಲ್ಲೇ ಇತ್ತು ಅಂತ ನಾನು ಹೇಗೆ ಬರೆಯಲಿ?”

ಮಾವನ ಮುಖಾ ಬಾಡಿತು. ಇಪ್ಪತ್ತು ವರ್ಷ ಕೋರ್ಟಿನ್ಯಾಗ ಕೇಳಿದ ಮಾತು ಅದ. ಇಷ್ಟು ದೂರ ಕರಕೊಂಡು ಬಂದು ಬರೇ ನೀರು ತೋರಿಸಿದೆನೇನು ಅಂತ ನನಗೂ ಅನಸ್ತು. ಹಂಗಂತ ಸೋತ ಮುಖಾ ತೋರಿಸೋ ಪೈಕಿ ನಾ ಅಲ್ಲ. ಮಾವನ ಚೀಲಕ್ಕ ಕೈ ಹಾಕಿ ಹಳೇ ಮನಿ ಉತಾರ, ಸರಕಾರ ಕೊಟ್ಟ ಮನಿ ಕಾಗದ, ತಗದೆ. ಅದರಾಗ ಮನಿ ನಕಾಶಿ ಐತಿ, ಉದ್ದ, ಅಗಲ, ಎಲ್ಲಿ ಕಟ್ಟಿ, ಎಲ್ಲಿ ಬಾವಿ ಎಲ್ಲಾ. ಚೇತನಕುಮಾರನ ಕೈಯಾಗ ಕೊಟ್ಟೆ.

“ಸಾಹೇಬ್ರ, ನೀವು ನಕಾಶಿ ನೋಡ್ಕೋತ ಕುಂಡ್ರಿ. ಮಾವಾರು ನಕಾಶಿ ನೋಡಂಗಿಲ್ಲ, ಅವರಿಗೆ ಓದಾಕೂ ಬರಂಗಿಲ್ಲ. ಅವರು ಬಾಯಿಲೆ ಹೇಳ್ತಾರ, ಚಾಂದಕಾಕಾ ಬಿದರಿನ ಉದ್ದ ಗಳ ಇಳಸ್ತಾರ. ಕೂಡೇತೋ ಇಲ್ಲೋ ನೀವ ನೋಡ್ರಿ.”

ಮಾವ ಶಿಖರ ನೋಡಿದ್ರು. ಆಚಿಗಿನ ಗುಡ್ಡದ ಮೂಲಿ ನೋಡಿದ್ರು. ಆಮ್ಯಾಲ ಓಣ್ಯಾಗ ನಡಕೊಂಡು ಹೊಂಟವ್ರಂಗ ಹೇಳಾಕ ಸುರು ಮಾಡಿದ್ರು. “ಗುಡಿಯಿಂದ ಸೀದಾ ಬಾರೋ ಚಾಂದ. ಇದು ದುರಗಪ್ಪನ ಅಂಗಡಿ. ಇಲ್ಲಿ ಎಡಕ್ಕ ಹೊಳ್ಳು. ಹಾಂ, ಓಣಿ ಸಣ್ಣದೈತಿ, ಸಾವಕಾಶ. ಒಂದು, ಎರಡು, ಮೂರನೇ ಮನಿ ದಾಟು. ನಿಂದರಸು.”

ದೋಣಿ ನಿಂತಿತು. ಮಾವ ಬಗ್ಗಿ ಕಾಲಾಗಿನ ಚಪ್ಪಲಿ ಬಿಚ್ಚಿ ಬಾಜುಕ್ಕ ಇಟ್ರು. ಚಾಂದಸಾಬ ಯಾವತ್ತೂ ಬರಿಗಾಲಾಂವ. ನಾನೂ ಬಿಚ್ಚಿದೆ, ಮಲಕಪ್ಪನೂ ಬಿಚ್ಚಿದ. ಚೇತನಕುಮಾರ ನಮ್ಮ ಕಾಲು ನೋಡಿದ, ಆಮ್ಯಾಲ ಬೂಟಿನ ಲೇಸು ಬಿಚ್ಚಾಕ ಹತ್ತಿದ. ಯಾರೂ ಅವನಿಗೆ ಹೇಳಿರಲಿಲ್ಲ.

“ಇಲ್ಲಿ ಇಳಸು” ಅಂದ್ರು ಮಾವ. “ಇಲ್ಲಿ ಕಟ್ಟಿ ಐತಿ. ಕಲ್ಲು ಹತ್ತತೈತಿ.”

ಬಿದರಿನ ಗಳ ಇಳೀತು. ಟಕ್ ಅಂತ ಕಲ್ಲು ಹತ್ತಿತು.

“ಮೂರು ಮೊಳ ಬಲಕ್ಕ. ಅಲ್ಲಿ ಓಣಿ. ಎದಿಮಟ ಕೆಳಗ ಹೋಗತೈತಿ, ಕೆಸರು ಹತ್ತತೈತಿ.”

ಹಂಗ ಆತು. ಚೇತನಕುಮಾರ ನಕಾಶಿ ಮ್ಯಾಲ ಬೆಟ್ಟು ಇಟ್ಟು ಸರಸ್ಕೋತ ಬಂದ. ಅವನ ನೀರಿನ ಅಂಜಿಕಿ ಎಲ್ಲಿ ಹೋತೋ ಏನೋ.

“ಈಗ ಮನಿ ದಾಟಿ ಹಿತ್ತಲಕ್ಕ ಬಾ. ಇನ್ನಷ್ಟು. ಇಲ್ಲಿ ಹುಣಸಿ ಗಿಡಾ ಇತ್ತು, ಅದರ ಬಡ್ಡಿ ದಾಟಿ ಆರು ಹೆಜ್ಜಿ. ಹಾಂ. ಇಲ್ಲಿ ಬಾವಿ. ಇಲ್ಲಿ ನಿನ್ನ ಗಳಕ್ಕ ನೆಲಾ ಸಿಗಂಗಿಲ್ಲ.”

ಚಾಂದಸಾಬ ಗಳ ಇಳಿಸಿದ. ಇಳಿಸಿದ, ಇಳಿಸಿದ. ಮುಂಗೈ ನೀರಾಗ ಹೋತು, ಮೊಣಕೈ ಹೋತು. ನೆಲಾ ಹತ್ತಲಿಲ್ಲ. ಒಂದು ಮಾರು ಸರಿಸಿದ್ರ ಮತ್ತ ನೆಲಾ ಹತ್ತಿತು. ಚೇತನಕುಮಾರ ನಕಾಶಿಯೊಳಗಿನ ಸಣ್ಣ ದುಂಡ ಗುರ್ತು ನೋಡಿದ, ಮಾವನ ಮುಖಾ ನೋಡಿದ. ಆಮ್ಯಾಲ ತೊಡಿ ಮ್ಯಾಲ ಫೈಲ್ ಇಟಗೊಂಡು, ದೋಣ್ಯಾಗ ಕುಂತಲ್ಲೇ, ಬರಿಯಾಕ ಸುರು ಮಾಡಿದ.

ಬರದು ಓದಿದ. “‘ನಾನು ಖುದ್ದಾಗಿ ಸ್ಥಳ ಪರಿಶೀಲಿಸಿ ಕಂಡಂತೆ, ಕಂಬಳಿ ಓಣಿಯ ಮನೆ ನಂಬರ್ ಹದಿನೇಳು, ಮುತ್ತಪ್ಪ ಇವರ ಮನೆ, ಕಟ್ಟೆ ಮತ್ತು ಬಾವಿ ಸಮೇತ ಪೂರ್ಣವಾಗಿ ಹಿನ್ನೀರಿನಲ್ಲಿ ಮುಳುಗಿರುತ್ತದೆ. ಉತಾರದ ನಕ್ಷೆಗೆ ತಾಳೆಯಾಗಿದೆ. ಆದ್ದರಿಂದ ಹಿಂದಿನ ಪಂಚನಾಮೆ ಸುಳ್ಳೆಂದು ಕಂಡುಬಂದಿದ್ದು, ಆದೇಶ ರದ್ದುಪಡಿಸಿ ವಾಹನ ಬಿಡುಗಡೆ ಮಾಡಲಾಗಿದೆ.’”

ನನಗ ಕೇಳಿದ್ದು ಕಡೀ ಮಾತು, ವಾಹನ ಬಿಡುಗಡೆ. ಸೋಮವಾರ ಹುನಗುಂದಕ್ಕ ಹೋಗ್ತೇನಿ ಅನ್ನೋದೊಂದ ನನ್ನ ತಲ್ಯಾಗ. ಮಾವ ಮಾತ್ರ “ಅಪ್ಪಾ” ಅಂದ್ರು. “ನಡುವಿನ ಮಾತು ಇನ್ನೊಮ್ಮೆ ಓದು.”

ಅಂವ ಓದಿದ. ಮುಳುಗಿರುತ್ತದೆ ಅನ್ನೋ ಕಡೆ ಮಾವ ಕೈ ಎತ್ತಿ ನಿಲ್ಲಿಸಿದ್ರು.

“ಇದು ಸರಕಾರದ ಮಾತೇನು? ನಾಳೆ ಅಲ್ಲ ಅಂತ ಅನ್ನಂಗಿಲ್ಲಲ್ಲ?”

“ಅನ್ನುವುದಿಲ್ಲ ಅಜ್ಜ. ನಾನು ಬರೆದದ್ದು, ನನ್ನ ಸಹಿ ಇದೆ. ಸೀಲ್ ಹಾಕಿ ಕೊಡುತ್ತೇನೆ.”

ಆವಾಗ ನನಗ ತಿಳೀತು. ಗಾಡಿ ಬಿಡಸಾಕ ಬಂದ ನಾ, ಇಪ್ಪತ್ತೆರಡು ವರ್ಷ ಯಾರೂ ಬರೀದ ಸಾಲು ಬರಿಸಿಕೊಂಡಿದ್ದೆ. ಇಷ್ಟು ವರ್ಷ ಮುಳುಗಡಿ ಆಫೀಸಿನವ್ರನ್ನ ಕರದು ಕರದು ಸಾಕಾಗಿತ್ತು, ಒಬ್ಬರೂ ದೋಣಿ ಹತ್ತಿರಲಿಲ್ಲ. ಟ್ಯಾಕ್ಸ್ ಆಫೀಸಿನ ಹುಡುಗ ಬಂದು ಹತ್ತಿದ. ಮಾವ ಅಳಲಿಲ್ಲ. ಕಂಬಳಿ ಗಂಟಿನಿಂದ ಬೀರಪ್ಪ ದೇವರ ಭಂಡಾರದ ಅರಿಷಿಣ ಒಂದು ಚಿಟಿಕಿ ತಗದು ನೀರ ಮ್ಯಾಲ ಬಿಟ್ರು. ಹಳದಿ ಒಂಚೂರು ತೇಲಿ ಹೋತು. ನಾ ಸೆರಗಿಲೆ ಕಣ್ಣು ಒರಸ್ಕೊಂಡೆ, ಯಾರು ನೋಡಿದ್ರೂ ನೋಡ್ಲಿ ಅಂತ.

ಮಧ್ಯಾಹ್ನ ಆಫೀಸಿನ್ಯಾಗ ನನ್ನ ಪಾವತಿ ನಂಬರ್ ಹಾಕಿ ಹುಡುಕಿದ್ರು. ಹತ್ತು ಮಿನಿಟಿನ್ಯಾಗ ಸಿಕ್ತು, ಯಾರದೋ ಬ್ಯಾರೆ ಗಾಡಿ ಹೆಸರಿಗೆ ಹತ್ತಿಸಿಬಿಟ್ಟಿದ್ರು. ಇದನ್ನ ಸೋಮವಾರ ಹುಡುಕಿದ್ರ ಎಲ್ಲಾರ ಮೂರು ದಿನಾ ಉಳೀತಿತ್ತು ಅಂತ ನಾ ಹೇಳಿದೆ. ಮೂರು ಸಲ ಹೇಳಿದೆ. ಚೇತನಕುಮಾರ ಮೂರು ಸಲನೂ, “ಹೌದು ಮೇಡಂ, ತಪ್ಪಾಯಿತು” ಅಂದ. ಲಾಕ್ ತಗಿಯೋ ಮಂದಿ ವಿದ್ಯಾಗಿರಿಗೆ ಹೋದ್ರು. ನಾ ಶೈಲಾ ಅಕ್ಕೋರಿಗೆ ಫೋನ್ ಮಾಡಿ, “ನಾಳೆ ಏಳೂವರಿಗೆ ನಿಂದರ್ರಿ, ಸೋಮವಾರದ ತನಕ ಯಾಕ ಕಾಯ್ತೀರಿ” ಅಂದೆ.

ಮಾವ ಇನ್ನೂ ಕೌಂಟರ್ ಮುಂದ ನಿಂತಿದ್ರು. ದೋಣ್ಯಾಗ ಬರದ ಪಂಚನಾಮಿಯ ಸಿಕ್ಕಾ ಬಿದ್ದ ನಕಲು ಬೇಕು, ಕೋರ್ಟಿಗೆ. ಅದಕ್ಕೊಂದು ಅರ್ಜಿ ಬರಕೊಡಬೇಕಂತ. ಮಲಕಪ್ಪ ತಾನ ಮುಂದ ಬಂದು, “ನಾ ಬರೀತೇನಿ ಕಾಕಾ” ಅಂತ ಪೆನ್ನು ತಗೊಂಡ. ಹೆಸರು ಬರದ, ತಂದಿ ಹೆಸರು ಬರದ. ಆಮ್ಯಾಲ ತಲಿ ಎತ್ತದ ಕೇಳಿದ.

“ನಕಲು ಟಪಾಲಿಗೆ ಬರತೈತಿ. ವಿಳಾಸ ಅದ ಬರೀಲ್ಯಾ ಕಾಕಾ, ಕಂಬಳಿ ಓಣಿ?”

ಮಾವ ಕೇಸಿನ ಚೀಲಾ ಕೌಂಟರ್ ಮ್ಯಾಲ ಇಟ್ರು.

“ಅಲ್ಲಿ ಯಾರಿಲ್ಲಪ್ಪ” ಅಂದ್ರು. “ಅಲ್ಲಿ ನೀರೈತಿ. ನವನಗರ ಬರಿ.”

“ಸೆಕ್ಟರ್ ಎಷ್ಟ್ರಿ? ಪ್ಲಾಟ್ ನಂಬರ್?”

ಇಪ್ಪತ್ತೆರಡು ವರ್ಷ ಅಲ್ಲೇ ಉಂಡು, ಅಲ್ಲೇ ಮಲಗಿ, ಮಗನ ಲಗ್ನ ಅಲ್ಲೇ ಮಾಡಿದ ಮನಶ್ಯಾಗ ಅದು ಗೊತ್ತೇ ಇರಲಿಲ್ಲ. ಮಾವ ಹೊಳ್ಳಿ ನನ್ನ ಕಡೆ ನೋಡಿದ್ರು.

“ಯವ್ವಾ ರಾಜಶ್ರೀ, ನಮ್ಮನಿ ನಂಬರ್ ಎಷ್ಟ?”

ನಾ ಕೌಂಟರ್ ಹತ್ತರ ಹೋದೆ. ಮಲಕಪ್ಪಗ ಕೇಳೂವಂಗ, ಒಂದೊಂದ ಅಂಕಿ ಬಿಡಿಸಿ ಹೇಳಿದೆ.